ಬಿಳಿ ಕಾಲರಿನ ಅಪರಾಧವನ್ನು ಎಣಿಸಿದ ಮೇಷ್ಟರು

(ಗಿರಣಿ ಕೆಲಸಗಾರರ ಹಾಗೂ ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಹೇಳಹೊರಟಿರುವುದು ಅಮೆರಿಕದ ಒಬ್ಬ ಮೇಷ್ಟರ ವಿಷಯ. ಹೆಸರು ಎಡ್ವಿನ್ ಸದರ್ಲೆಂಡ್. ಅವರು ಬಾವುಟ ಹಿಡಿದು ಬೀದಿಗೆ ಬಂದವರಲ್ಲ. ಕಾಲೇಜಿನ ಕರಿಹಲಗೆಯ ಮುಂದೆ ನಿಂತು ಅಪರಾಧಶಾಸ್ತ್ರವೆಂಬ ಶಾಸ್ತ್ರವನ್ನು ಕಲಿಸುತ್ತ ಜೀವಮಾನ ಕಳೆದವರು. ಕಳವು, ದರೋಡೆ, ಮೋಸ ಇವು ಏಕೆ ಹುಟ್ಟುತ್ತವೆ, ಹೇಗೆ ಬೆಳೆಯುತ್ತವೆ, ಕಾಯಿದೆ ಅವಕ್ಕೆ ಏನು ಮಾಡುತ್ತದೆ, ಏನು ಮಾಡದೆ ಬಿಡುತ್ತದೆ ಎಂದು ವಿಚಾರಿಸುವ ಶಾಸ್ತ್ರ ಅದು.

ಆ ದೂರದ ಪ್ರೊಫೆಸರರಿಗೂ ನಮಗೂ ಏನು ಸಂಬಂಧ ಎಂದು ಹಿಂದಿನ ಸಾಲಿನವರು ಕೇಳಬಹುದು. ಕೇಳುವುದು ನ್ಯಾಯವೇ. ಪಾಳಿ ಬಿಟ್ಟಾಗ ಗಿರಣಿಯ ಬಾಗಿಲಲ್ಲಿ ಕೆಲಸಗಾರನ ಮೈ ತಡವಿ ನೋಡುತ್ತಾರೆ. ಬಟ್ಟೆಯ ಮಡಿಕೆಯಲ್ಲಿ ಒಂದು ಲಡಿ ನೂಲು ಸಿಕ್ಕಿತೆಂದರೆ ಅವನು ಕಳ್ಳ. ಪೋಲೀಸು ಬರುತ್ತದೆ, ಕೆಲಸ ಹೋಗುತ್ತದೆ, ಓಣಿಯಲ್ಲಿ ಮಕ್ಕಳಿಗೂ ಆ ಹೆಸರು ಅಂಟುತ್ತದೆ. ಇನ್ನು ಮಾಲೀಕನೊಬ್ಬ ಕೆಲಸಗಾರರ ಸಂಬಳದಿಂದ ಮುರಿದುಕೊಂಡ ಪ್ರಾವಿಡೆಂಟ್ ಫಂಡಿನ ಹಣವನ್ನು ಕಟ್ಟದೆ ಉಳಿಸಿಕೊಂಡನೆನ್ನಿ. ಅವನಿಗೆ ನೋಟೀಸು ಬರುತ್ತದೆ. ನೋಟೀಸಿಗೆ ಉತ್ತರ ಹೋಗುತ್ತದೆ. ವಾಯಿದೆ ಬೀಳುತ್ತದೆ. ಆತನನ್ನು ಬಾಕಿದಾರ ಎನ್ನುತ್ತಾರೆ, ಕಳ್ಳ ಎನ್ನುವುದಿಲ್ಲ. ಇಬ್ಬರೂ ಮತ್ತೊಬ್ಬರ ಸ್ವತ್ತನ್ನು ಇಟ್ಟುಕೊಂಡವರೇ. ಹೀಗಿರುವಲ್ಲಿ ಒಬ್ಬನಿಗೆ ಒಂದು ಮಾತು, ಇನ್ನೊಬ್ಬನಿಗೆ ಬೇರೆ ಮಾತು ಎಲ್ಲಿಂದ ಬಂತು? ಇದನ್ನು ಸಿಟ್ಟಿನಿಂದ ಕೇಳಿದವರು ಬಹಳ ಮಂದಿ. ಸದರ್ಲೆಂಡರು ಕೋರ್ಟಿನ ದಫ್ತರ ತೆರೆದು, ಲೆಕ್ಕ ಹಿಡಿದು ಕೇಳಿದರು. ಅದಕ್ಕಾಗಿ ಅವರನ್ನು ನಾವು ತಿಳಿಯಬೇಕು.

ಅವರು ಹುಟ್ಟಿದ್ದು 1883ರಲ್ಲಿ, ನೆಬ್ರಾಸ್ಕ ಪ್ರಾಂತದ ಗಿಬ್ಬನ್ ಎಂಬ ಸಣ್ಣ ಊರಿನಲ್ಲಿ. ಸುತ್ತಲೂ ಬಯಲು, ರೈತಾಪಿ ಜನ. ತಂದೆ ಕ್ರೈಸ್ತ ಧರ್ಮಬೋಧಕರು, ಮುಂದೆ ಗ್ರಾಂಡ್ ಐಲೆಂಡ್ ಎಂಬ ಊರಿನ ಕಾಲೇಜಿಗೆ ಮುಖ್ಯಸ್ಥರಾದವರು. ಮಗ ಅದೇ ಕಾಲೇಜಿನಲ್ಲಿ 1904ರಲ್ಲಿ ಪದವಿ ಪಡೆದು ಮೊದಲು ಹಿಡಿದದ್ದು ಮಾಸ್ತರಿಕೆ. ಲ್ಯಾಟಿನ್, ಗ್ರೀಕ್, ಇತಿಹಾಸ, ಅದರ ಜೊತೆಗೆ ಶಾರ್ಟ್‌ಹ್ಯಾಂಡು! ಒಬ್ಬನೇ ಮೇಷ್ಟರ ತಲೆಯ ಮೇಲೆ ನಾಲ್ಕು ಪಾಠ ಹೊರಿಸುವುದು ನಮ್ಮ ಕಡೆಯ ಸಂಪ್ರದಾಯವೆಂದು ನಾವು ತಿಳಿದಿದ್ದೆವು. ಅಲ್ಲಿಯೂ ಹಾಗೆಯೇ ಇತ್ತು.

ಆಮೇಲೆ ಷಿಕಾಗೊ ವಿಶ್ವವಿದ್ಯಾಲಯ. 1913ರಲ್ಲಿ ಡಾಕ್ಟರೇಟು. ಆ ಪ್ರಬಂಧದ ವಿಷಯ ಕಳ್ಳರಲ್ಲ, ನಿರುದ್ಯೋಗಿಗಳು. ಕೆಲಸವಿಲ್ಲದವರಿಗೆ ಕೆಲಸ ಹುಡುಕಿಕೊಡುವ ಸರಕಾರಿ ಕಚೇರಿಗಳ ಮೇಲೆ ಅವರು ಬರೆದರು. ನಂತರ ಮಿಸ್ಸೂರಿ ಪ್ರಾಂತದ ಒಂದು ಸಣ್ಣ ಕಾಲೇಜಿನಲ್ಲಿ ಆರು ವರ್ಷ ಸದ್ದಿಲ್ಲದೆ ಪಾಠ ಹೇಳಿದರು. 1919ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೋದಾಗ ಅಲ್ಲಿಯ ಹಿರಿಯರೊಬ್ಬರು ಅಪರಾಧಶಾಸ್ತ್ರಕ್ಕೆ ಒಂದು ಪಠ್ಯಪುಸ್ತಕ ಬರೆದುಕೊಡಿ ಎಂದರು. 1924ರಲ್ಲಿ ಪುಸ್ತಕ ಬಂತು. ನಲವತ್ತು ದಾಟಿದ ಮನುಷ್ಯ, ಬೇರೆಯವರು ಹೇಳಿದ್ದಕ್ಕೆ ಬರೆದ ಪಠ್ಯಪುಸ್ತಕ. ಅದನ್ನೇ ತಿದ್ದುತ್ತ ತಿದ್ದುತ್ತ, ಮುದ್ರಣದಿಂದ ಮುದ್ರಣಕ್ಕೆ ತನ್ನ ಹಳೆಯ ಮಾತನ್ನೇ ಪ್ರಶ್ನಿಸುತ್ತ, ಅವರು ಶಾಸ್ತ್ರದ ತಳಪಾಯವನ್ನೇ ಕದಲಿಸಿದರು.

ಆಗ ಆ ಶಾಸ್ತ್ರ ಹೇಗಿತ್ತು ಎಂಬುದನ್ನು ಸ್ವಲ್ಪ ಹೇಳಬೇಕು. ಇಟಲಿಯ ಲೊಂಬ್ರೋಸೋ ಎಂಬ ವೈದ್ಯ 1876ರಲ್ಲಿ ಒಂದು ಗ್ರಂಥ ಬರೆದು, ಹುಟ್ಟುಕಳ್ಳನೆಂಬ ಜಾತಿಯೇ ಒಂದುಂಟು, ಅವನ ದವಡೆ, ಕಿವಿ, ಹಣೆ ನೋಡಿ ಗುರುತಿಸಬಹುದು ಎಂದಿದ್ದ. ಆ ಮಾತು ಹಳೆಯದಾದರೂ ಸತ್ತಿರಲಿಲ್ಲ. ಒಬ್ಬರು ಕೈದಿಗಳ ಬುದ್ಧಿಯನ್ನು ಅಳೆದು ಮಂದಬುದ್ಧಿಯೇ ಕಾರಣ ಎನ್ನುತ್ತಿದ್ದರು. ಇನ್ನೊಬ್ಬರು ಗ್ರಂಥಿಗಳ ದೋಷ ಎನ್ನುತ್ತಿದ್ದರು. 1939ರಲ್ಲೂ ಹಾರ್ವರ್ಡಿನ ಹೂಟನ್ ಎಂಬ ಪಂಡಿತರು ಸಾವಿರಾರು ಕೈದಿಗಳ ಮೈ ಅಳೆದು, ಇವರು ಹುಟ್ಟಿನಿಂದಲೇ ಕೀಳು ತರಗತಿಯವರೆಂದು ಬರೆದರು. ಇದೆಲ್ಲ ಪಂಡಿತರ ಜಗಳ, ನಮಗೇನು ಎನ್ನಬೇಡಿ. ಇದೇ ಬುದ್ಧಿಯಿಂದಲೇ ಬ್ರಿಟಿಷ್ ಸರಕಾರ 1871ರಲ್ಲಿ ನಮ್ಮ ದೇಶದಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಮಾಡಿತು. ತೊಟ್ಟಿಲಿನ ಕೂಸನ್ನೂ ಅಪರಾಧಿ ಜನಾಂಗದ ಪಟ್ಟಿಗೆ ಸೇರಿಸಿತು. ಹುಬ್ಬಳ್ಳಿಯಲ್ಲಿ, ಬಿಜಾಪುರದಲ್ಲಿ, ಸೊಲ್ಲಾಪುರದಲ್ಲಿ ಸೆಟ್ಲ್‌ಮೆಂಟು ಕಟ್ಟಿ, ಹಾಜರಿ ಕರೆದು, ಗಿರಣಿಗಳಿಗೆ ದುಡಿಯಲು ಕಳಿಸಿತು. ಆ ಕಾಯಿದೆ ಹೋದದ್ದು 1952ರಲ್ಲಿ. ಸೆಟ್ಲ್‌ಮೆಂಟಿನವರು ಎಂಬ ಮಾತು ಅದಕ್ಕಿಂತ ಬಹಳ ಹೆಚ್ಚು ಬಾಳಿತು.

ಸದರ್ಲೆಂಡರು ಇದನ್ನು ಒಪ್ಪಲಿಲ್ಲ. ಅಪರಾಧ ರಕ್ತದಿಂದ ಬರುವುದಲ್ಲ, ಕಲಿಯುವುದು ಎಂದರು. ಬಡಗಿತನ ಕಲಿತಂತೆ, ಮಗ್ಗ ಕಲಿತಂತೆ, ಜೊತೆಗಾರರಿಂದ, ಹತ್ತಿರದವರಿಂದ ಕಲಿಯುವುದು. ಕೈಚಳಕ ಒಂದೇ ಅಲ್ಲ. 'ಇದರಲ್ಲಿ ತಪ್ಪೇನಿದೆ' ಎಂಬ ಸಮಾಧಾನವನ್ನೂ ಅಲ್ಲಿಯೇ ಕಲಿಯುವುದು. ಕಾಯಿದೆ ಮುರಿಯುವುದು ಸರಿ ಎನ್ನುವವರ ಮಾತು ಕಿವಿಗೆ ಹೆಚ್ಚು ಬಿದ್ದು, ತಪ್ಪು ಎನ್ನುವವರ ಮಾತು ಕಡಿಮೆ ಬಿದ್ದರೆ ಮನುಷ್ಯ ಆ ಕಡೆಗೆ ವಾಲುತ್ತಾನೆ. ಈ ಸಿದ್ಧಾಂತವನ್ನು 1939ರಲ್ಲಿ ಪುಸ್ತಕದ ಮೂರನೆಯ ಮುದ್ರಣದಲ್ಲಿ ಹೇಳಿ, 1947ರ ನಾಲ್ಕನೆಯದರಲ್ಲಿ ಒಂಬತ್ತು ಸೂತ್ರಗಳಾಗಿ ಬಿಗಿ ಮಾಡಿದರು.

ಇದು ಬರಿಯ ಕುರ್ಚಿಯ ಮೇಲೆ ಕುಳಿತು ಹೊಸೆದ ಮಾತಲ್ಲ. 1930ರಿಂದ 35ರವರೆಗೆ ಷಿಕಾಗೊದಲ್ಲಿದ್ದಾಗ ಅವರು ಒಬ್ಬ ಹಳೆಯ ಕಳ್ಳನ ಸ್ನೇಹ ಮಾಡಿದರು. ಪುಸ್ತಕದಲ್ಲಿ ಅವನಿಗೆ ಚಿಕ್ ಕಾನ್ವೆಲ್ ಎಂದು ಹೆಸರಿಟ್ಟರು, ನಿಜದ ಹೆಸರಲ್ಲ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಜೇಬುಗಳ್ಳತನ, ಅಂಗಡಿಗಳ್ಳತನ, ಟೋಪಿ ಹಾಕುವ ಕೆಲಸ ಮಾಡಿದ ಆಸಾಮಿ. ಅವನಿಂದ ಬರೆಯಿಸಿ, ಕೂತು ಕೇಳಿ, ಬೇರೆ ಕಳ್ಳರಿಗೂ ಪತ್ತೇದಾರರಿಗೂ ತೋರಿಸಿ ಪರೀಕ್ಷಿಸಿ, 1937ರಲ್ಲಿ ಪ್ರಕಟಿಸಿದರು. ಅದರಿಂದ ತಿಳಿದು ಬಂದದ್ದೇನು? ಕಸುಬಿನ ಕಳ್ಳನಾಗುವುದು ಸುಲಭವಲ್ಲ. ಹಿರಿಯ ಕಳ್ಳರು ಒಪ್ಪಿ ಕಲಿಸಬೇಕು, ಜೊತೆಗೆ ಸೇರಿಸಿಕೊಳ್ಳಬೇಕು. ಅವರಲ್ಲೂ ಮಾತಿಗೆ ನಿಷ್ಠೆಯುಂಟು, ತಮ್ಮದೇ ಭಾಷೆಯುಂಟು, ಮೇಲು ಕೀಳು ಉಂಟು. ಸಿಕ್ಕಿಬಿದ್ದಾಗ ಪೋಲೀಸಿನಿಂದ ಹಿಡಿದು ಕೋರ್ಟಿನವರೆಗೆ ಹಣ ಹಂಚಿ ಬಿಡಿಸಿಕೊಂಡು ಬರುವ ಒಬ್ಬ ಮಧ್ಯಸ್ಥನೂ ಉಂಟು. ಜೈಲು ತುಂಬಿಸುವವರು ಈ ನುರಿತ ಕಳ್ಳರಲ್ಲ. ಮಧ್ಯಸ್ಥನಿಗೆ ಕೊಡಲು ಕಾಸಿಲ್ಲದವರು.

ಜೈಲಿನ ಮಾತು ಬಂದುದರಿಂದ ಇನ್ನೊಂದು. ಇಂಗ್ಲೆಂಡಿನ ಕಾರಾಗೃಹಗಳಲ್ಲಿ ಕೈದಿಗಳು ಕಡಿಮೆಯಾಗುತ್ತ ಬಂದುದೇಕೆ ಎಂಬುದರ ಮೇಲೆ ಅವರು 1934ರಲ್ಲಿ ಒಂದು ಲೇಖನ ಬರೆದರು. ಅಲ್ಲಿ ಆದದ್ದೇನೆಂದರೆ, ದಂಡ ಕಟ್ಟಲು ಬಡವನಿಗೆ ಕಾಲಾವಕಾಶ ಕೊಡಬೇಕೆಂದು 1914ರಲ್ಲಿ ಒಂದು ಕಾಯಿದೆ ಬಂದಿತ್ತು. ಅದಕ್ಕೆ ಮೊದಲು ನಿಂತ ಕಾಲಲ್ಲಿ ದುಡ್ಡು ಎಣಿಸಲಾರದವರು ನೇರ ಒಳಕ್ಕೆ ಹೋಗುತ್ತಿದ್ದರು. ಎಂದರೆ, ಆ ಜನ ಜೈಲು ಸೇರುತ್ತಿದ್ದದ್ದು ಅಪರಾಧಕ್ಕಾಗಿ ಅಲ್ಲ, ಅಂದಿನ ದಿನ ಜೇಬು ಖಾಲಿಯಾಗಿದ್ದುದಕ್ಕಾಗಿ.

ಈಗ ಮುಖ್ಯ ಕಥೆಗೆ ಬರೋಣ. 1935ರಲ್ಲಿ ಅವರು ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಸಮಾಜಶಾಸ್ತ್ರದ ಮುಖ್ಯಸ್ಥರಾಗಿ ಹೋದರು. ಅಷ್ಟು ಹೊತ್ತಿಗೆ ಅವರಿಗೆ ಒಂದು ಅನುಮಾನ ಗಟ್ಟಿಯಾಗಿತ್ತು. ತಮ್ಮ ಶಾಸ್ತ್ರದವರೆಲ್ಲ ಬಡತನವೇ ಅಪರಾಧದ ತಾಯಿ, ಒಡೆದ ಸಂಸಾರವೇ ಮೂಲ, ಕೊಳೆಗೇರಿಯೇ ಶಾಲೆ ಎನ್ನುತ್ತಾರೆ. ಪುರಾವೆ ಎಲ್ಲಿಂದ ತಂದರು? ಪೋಲೀಸು ಠಾಣೆಯಿಂದ, ಜೈಲಿನಿಂದ, ಬಾಲಾಪರಾಧಿಗಳ ಕೋರ್ಟಿನಿಂದ. ಅಲ್ಲಿಗೆ ಬರುವವರೇ ಬಡವರು. ಕೆರೆಗೆ ಸಣ್ಣ ಕಣ್ಣಿನ ಬಲೆ ಬೀಸಿ, ಸಿಕ್ಕಿದ ಪುಡಿಮೀನನ್ನೇ ನೋಡಿ, ಈ ಕೆರೆಯಲ್ಲಿ ದೊಡ್ಡ ಮೀನೇ ಇಲ್ಲ ಎಂದು ಹೇಳಿದಂತಾಯಿತು. ದೊಡ್ಡದು ಬಲೆಯನ್ನೇ ಹರಿದುಕೊಂಡು ಹೋಗಿರುತ್ತದೆ.

1939ರ ಡಿಸೆಂಬರ್ 27. ಫಿಲಡೆಲ್ಫಿಯಾ ನಗರ. ಸದರ್ಲೆಂಡರು ಆ ವರ್ಷ ಅಮೆರಿಕದ ಸಮಾಜಶಾಸ್ತ್ರ ಸಂಘಕ್ಕೆ ಅಧ್ಯಕ್ಷರು. ಎದುರಿಗೆ ಕುಳಿತವರು ಸಮಾಜಶಾಸ್ತ್ರಜ್ಞರು, ಅವರ ಜೊತೆಗೆ ಅರ್ಥಶಾಸ್ತ್ರಜ್ಞರು. ಅಪರಾಧ ಬಲ್ಲವರಿಗೆ ವ್ಯಾಪಾರ ತಿಳಿಯದು, ವ್ಯಾಪಾರ ಬಲ್ಲವರು ಅದನ್ನು ಅಪರಾಧವೆಂದು ನೋಡರು. ಇಬ್ಬರನ್ನೂ ಒಂದೆಡೆ ಕೂರಿಸಿ ಮಾತಾಡಬೇಕೆಂಬುದು ಅವರ ಉದ್ದೇಶ. ಆ ಭಾಷಣದ ಹೆಸರೇ ಬಿಳಿ ಕಾಲರಿನ ಅಪರಾಧಿ. ಬಿಳಿ ಕಾಲರು ಎಂದರೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಮೇಜಿನ ಹಿಂದೆ ಕೂರುವವನು. ಗೌರವಸ್ಥ, ಮೇಲಿನ ಅಂತಸ್ತಿನವನು, ತನ್ನ ಉದ್ಯೋಗದ ಒಳಗೇ ಮಾಡುವ ಅಪರಾಧ ಎಂದು ಅವರ ಅರ್ಥ. ಈ ಮಾತು ಅಂದಿನಿಂದ ಜಗತ್ತಿನ ಎಲ್ಲ ಭಾಷೆಗೂ ನುಗ್ಗಿತು.

ಅವರು ಅಲ್ಲಿ ಕೊಟ್ಟ ಎರಡು ಲೆಕ್ಕ ಕೇಳಿ. ಒಂದು ದೊಡ್ಡ ಕಿರಾಣಿ ಕಂಪನಿ, ಊರೂರಿಗೆ ಅದರ ಅಂಗಡಿಗಳು. ಆ ಅಂಗಡಿಗಳಿಗೆ ಒಂದು ವರ್ಷದಲ್ಲಿ 500 ಸಲ ಕನ್ನ, ದರೋಡೆ ಆಯಿತು. ಅದೇ ಕಂಪನಿಯ ಒಬ್ಬ ಅಧಿಕಾರಿ ಒಂದು ವರ್ಷದಲ್ಲಿ ಕೂತಲ್ಲಿಂದಲೇ 6 ಲಕ್ಷ ಡಾಲರು ನುಂಗಿದ. ಆ 500 ಕನ್ನಗಳ ನಷ್ಟವೆಲ್ಲ ಕೂಡಿಸಿದರೂ ಇವನೊಬ್ಬ ನುಂಗಿದ್ದು ಅದರ ಆರು ಪಟ್ಟು. ಎರಡನೆಯದು: ಪೋಲೀಸರು ದೇಶದ ಮಹಾಶತ್ರುಗಳೆಂದು ಒಂದರಿಂದ ಆರು ನಂಬರು ಕೊಟ್ಟಿದ್ದ ಆರು ದರೋಡೆಗಾರರು 1938ರಲ್ಲಿ ದೋಚಿದ್ದು ಒಟ್ಟು 1 ಲಕ್ಷ 30 ಸಾವಿರ ಡಾಲರು. ಬೆಂಕಿಪೆಟ್ಟಿಗೆಯ ದೊರೆ ಎನಿಸಿದ್ದ ಸ್ವೀಡನ್ನಿನ ಕ್ರೂಗರ್, 1932ರಲ್ಲಿ ಗುಂಡು ತಗುಲಿ ಸತ್ತ ಆ ಸಾಹುಕಾರ, ಕದ್ದದ್ದು 25 ಕೋಟಿ ಡಾಲರೆಂದು ಅಂದಾಜು. ಹೆಚ್ಚುಕಡಿಮೆ ಎರಡು ಸಾವಿರ ಪಟ್ಟು. ಆರು ದರೋಡೆಗಾರರ ಪಟವನ್ನು ಪತ್ರಿಕೆಗಳು ಅಚ್ಚು ಹಾಕಿದವು. ಕ್ರೂಗರನ ಜೊತೆ ಮಂತ್ರಿಗಳು ಊಟ ಮಾಡಿದ್ದರು.

ಆದರೆ ಸದರ್ಲೆಂಡರಿಗೆ ಹಣದ ನಷ್ಟ ದೊಡ್ಡದಾಗಿ ಕಾಣಲಿಲ್ಲ. ನಂಬಿಕೆ ಮುರಿಯುವುದು ದೊಡ್ಡದು ಎಂದರು. ಕನ್ನ ಹಾಕಿದವನು ಬೀಗ ಮುರಿಯುತ್ತಾನೆ. ಇನ್ನೊಂದು ಬೀಗ ತರಬಹುದು. ಬ್ಯಾಂಕಿನವನು ಮೋಸ ಮಾಡಿದರೆ ಮುಂದೆ ಯಾವ ಬ್ಯಾಂಕನ್ನು ನಂಬುವುದು? ಬ್ಯಾಂಕು ಮುಳುಗಿ ಠೇವಣಿ ಕಳಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಭಾಷಣ ಮಾಡಿ ಮನೆಗೆ ಹೋಗಿ ಕೂತಿದ್ದರೆ ಅವರ ಮಾತು ಒಂದು ದಿನದ ಸುದ್ದಿಯಾಗಿ ಮುಗಿಯುತ್ತಿತ್ತು. ಅವರು ಮಾಡಿದ್ದು ಬೇರೆ. ಅಮೆರಿಕದ ಅತಿ ದೊಡ್ಡ ಕಾರ್ಖಾನೆ, ಗಣಿ, ವ್ಯಾಪಾರದ ಕಂಪನಿಗಳಲ್ಲಿ 70ನ್ನು ಆರಿಸಿಕೊಂಡರು. ಪ್ರತಿಯೊಂದರ ಇಡೀ ಆಯುಷ್ಯದಲ್ಲಿ ಕೋರ್ಟುಗಳೂ ಸರಕಾರಿ ಕಮಿಷನ್ನುಗಳೂ ಅದರ ವಿರುದ್ಧ ಕೊಟ್ಟ ತೀರ್ಮಾನಗಳನ್ನು ಒಂದೊಂದಾಗಿ ಹೆಕ್ಕಿದರು. ಯಾರದೋ ಚಾಡಿಯಲ್ಲ, ವದಂತಿಯಲ್ಲ, ಅಧಿಕಾರವುಳ್ಳವರು ಕೈಬರಹ ಹಾಕಿ 'ತಪ್ಪು ಮಾಡಿದ್ದೀರಿ' ಎಂದ ತೀರ್ಮಾನಗಳು. ವರ್ಷಗಟ್ಟಲೆ ಹಿಡಿದ ಕೆಲಸ. ಒಟ್ಟು 980 ಆದವು. ಸರಾಸರಿ ಕಂಪನಿಗೆ 14. ತೀರ್ಮಾನವೇ ಇಲ್ಲದ ಕಂಪನಿ ಒಂದೂ ಇರಲಿಲ್ಲ. ಎಪ್ಪತ್ತರಲ್ಲಿ 68ಕ್ಕೆ ಎರಡು ಅಥವಾ ಹೆಚ್ಚು. ಒಂದು ಸಲ ಸಿಕ್ಕಿಬಿದ್ದು ಮತ್ತೆ ಅದನ್ನೇ ಮಾಡುವ ಬಡಪಾಯಿಗೆ ಏನೆನ್ನುತ್ತಾರೆ? ರೂಢಿಗತ ಅಪರಾಧಿ. ಅಮೆರಿಕದ ಅನೇಕ ಪ್ರಾಂತಗಳಲ್ಲಿ ನಾಲ್ಕು ಸಲ ಶಿಕ್ಷೆಯಾದವನಿಗೆ ಆ ಬಿರುದು ಕಾಯಿದೆಯಲ್ಲಿಯೇ ಇತ್ತು. ಈ 70 ಕಂಪನಿಗಳಲ್ಲಿ ನೂರಕ್ಕೆ 60ರಷ್ಟು ಕ್ರಿಮಿನಲ್ ಕೋರ್ಟಿನಲ್ಲೇ ತಪ್ಪಿತಸ್ಥರಾಗಿದ್ದವು, ಸರಾಸರಿ ಸುಮಾರು ನಾಲ್ಕು ಸಲ!

ಯಾವ ಬಗೆಯ ತಪ್ಪುಗಳು? ಇಲ್ಲಿ ಪೇಟೆಯವರೂ ಗಿರಣಿಯವರೂ ಕಿವಿಗೊಡಬೇಕು. ಎಲ್ಲಕ್ಕೂ ಹೆಚ್ಚು, 307, ಪೈಪೋಟಿ ಮುರಿದದ್ದು. ಎಂದರೆ ದೊಡ್ಡವರು ಒಳಗೊಳಗೆ ಕೂಡಿ ಧಾರಣೆ ಕಟ್ಟುವುದು, ಚಿಕ್ಕವನನ್ನು ಪೇಟೆಯಿಂದ ಓಡಿಸುವುದು. ಇದರ ವಿರುದ್ಧ ಅಲ್ಲಿ 1890ರಿಂದಲೇ ಶರ್ಮನ್ ಕಾಯಿದೆಯಿತ್ತು. 222, ಬೇರೆಯವರ ಪೇಟೆಂಟು, ಮಾರ್ಕುಗಳನ್ನು ನುಂಗಿದ್ದು. 97, ಸುಳ್ಳು ಜಾಹೀರಾತು. 66, ರಿಯಾಯಿತಿಯ ಗುಟ್ಟು. ದೊಡ್ಡ ಕಂಪನಿ ರೈಲ್ವೆಗೆ ಬಾಡಿಗೆ ಕಟ್ಟಿದಂತೆ ಕಟ್ಟಿ ಹಿಂದಿನ ಬಾಗಿಲಿನಿಂದ ಒಂದು ಪಾಲು ವಾಪಸು ಪಡೆಯುವುದು. ಚಿಲ್ಲರೆ ವ್ಯಾಪಾರಿ ಪೂರಾ ಬಾಡಿಗೆ ತೆರುತ್ತಾನೆ, ಇಬ್ಬರ ಸರಕೂ ಒಂದೇ ಗಾಡಿಯಲ್ಲಿ ಬರುತ್ತದೆ, ಪೇಟೆಯಲ್ಲಿ ಇವನ ಮಾಲು ಮಾತ್ರ ತುಟ್ಟಿ. ಅವನು ತನಗೆ ವ್ಯಾಪಾರ ಬಾರದೆಂದು ಹಣೆ ಚಚ್ಚಿಕೊಳ್ಳುತ್ತಾನೆ. ಇನ್ನು 158, ಕೆಲಸಗಾರರ ಮೇಲಿನ ಅನ್ಯಾಯ. ಕೆಲಸಗಾರರು ಸಂಘ ಕಟ್ಟಬಹುದು, ಅದನ್ನು ಮಾಲೀಕ ತಡೆಯಬಾರದು ಎಂದು ಅಮೆರಿಕ 1935ರಲ್ಲಿ ಕಾಯಿದೆ ಮಾಡಿತ್ತು. ಅದನ್ನು ಮುರಿದು, ಸಂಘದವನನ್ನು ಹೊರಹಾಕಿದ್ದು, ಗೂಢಚಾರರನ್ನು ಸೇರಿಸಿದ್ದು, ಮಾಲೀಕನೇ ಒಂದು ಹುಸಿ ಸಂಘ ಹುಟ್ಟಿಸಿದ್ದು. ಉಳಿದ 130 ಬೇರೆ ಬೇರೆ.

ಈಗ ನಮ್ಮ ಮೊದಲಿನ ಪ್ರಶ್ನೆಗೆ ಬನ್ನಿ. ಈ 980ರಲ್ಲಿ ಕ್ರಿಮಿನಲ್ ಕೋರ್ಟಿನಲ್ಲಿ ಆದ ತೀರ್ಮಾನ ನೂರಕ್ಕೆ 16 ಮಾತ್ರ. ಉಳಿದವು? ಸಿವಿಲ್ ಕೋರ್ಟಿನ ಪರಿಹಾರ, ಇಂಜಂಕ್ಷನ್, 'ಇನ್ನು ಮುಂದೆ ಹೀಗೆ ಮಾಡಬೇಡಿ' ಎಂಬ ಕಮಿಷನ್ನಿನ ಆಜ್ಞೆ, ಇಲ್ಲವೇ ಎರಡೂ ಕಡೆಯವರು ಕೂತು ಒಪ್ಪಿಕೊಂಡ ರಾಜಿ ಹುಕುಂ. ಕಾಯಿದೆಯನ್ನು ಬರೆಯುವಾಗಲೇ ಎರಡು ಬಾಗಿಲು ಇಟ್ಟಿದ್ದರು. ಒಂದರ ಮೂಲಕ ಹೋದವನು ಕೈದಿ. ಇನ್ನೊಂದರ ಮೂಲಕ ಹೋದವನು ಪ್ರತಿವಾದಿ. ಮಾಡಿದ ಕೆಲಸ ಒಂದೇ. ಬಾಗಿಲು ಬೇರೆಯಾದ್ದರಿಂದ ಹೆಸರು ಬೇರೆ. ಶಾಸನ ಮಾಡುವವರೂ ನ್ಯಾಯಾಧೀಶರೂ ಕಂಪನಿಯವರೂ ಒಂದೇ ಸಮಾಜದ ಜನ, ಒಂದೇ ಕಾಲೇಜು, ಒಂದೇ ಕ್ಲಬ್ಬು. ತಮ್ಮಂಥವನನ್ನು ಕಳ್ಳನೆನ್ನಲು ನಾಲಗೆ ಹೊರಳದು.

ಇದಕ್ಕೆ ಎದುರು ಹೇಳಿದವರೂ ಇದ್ದರು, ಅವರ ಮಾತನ್ನೂ ಕೇಳಬೇಕು. ಪಾಲ್ ಟ್ಯಾಪನ್ ಎಂಬ, ನ್ಯಾಯಶಾಸ್ತ್ರವನ್ನೂ ಓದಿದ ಪಂಡಿತರು 1947ರಲ್ಲಿ, ಅಪರಾಧಿ ಯಾರು ಎಂದೇ ಹೆಸರಿಟ್ಟು ಒಂದು ಲೇಖನ ಬರೆದರು. ಕ್ರಿಮಿನಲ್ ಕೋರ್ಟಿನಲ್ಲಿ ಸಾಬೀತಾದವನು ಮಾತ್ರ ಅಪರಾಧಿ. ನಮಗೆ ಕಂಡದ್ದಕ್ಕೆಲ್ಲ ಆ ಹೆಸರು ಹಚ್ಚುತ್ತ ಹೋದರೆ ಶಾಸ್ತ್ರ ಹೋಗಿ ನಿಂದೆ ಉಳಿಯುತ್ತದೆ ಎಂದು ಅವರ ವಾದ. ಇದು ತಳ್ಳಿಹಾಕುವ ಮಾತಲ್ಲ. ಸಾಬೀತಾಗದೆ ಯಾರನ್ನೂ ಅಪರಾಧಿ ಎನ್ನಬಾರದೆಂಬುದು ಬಡವನಿಗೇ ಹೆಚ್ಚು ಬೇಕಾದ ರಕ್ಷಣೆ. ಸದರ್ಲೆಂಡರು ಇಂಥ ಆಕ್ಷೇಪಕ್ಕೆ 1945ರಲ್ಲಿಯೇ ಉತ್ತರ ಬರೆದಿದ್ದರು. ಸಮಾಜಕ್ಕೆ ಕೇಡೆಂದು ಕಾಯಿದೆ ಹೇಳಿರಬೇಕು, ಅದಕ್ಕೆ ದಂಡನೆಯನ್ನು ಕಾಯಿದೆ ಇಟ್ಟಿರಬೇಕು. ಈ ಎರಡೂ ಇದ್ದರೆ ಅದು ಅಪರಾಧವೇ, ಯಾವ ಕಚೇರಿ ವಿಚಾರಿಸಿತು ಎಂಬುದು ಮುಖ್ಯವಲ್ಲ ಎಂದು. ನಮ್ಮ ಮಟ್ಟಿಗೆ ಸದರ್ಲೆಂಡರ ಮಾತೇ ಹೆಚ್ಚು ತೂಗುತ್ತದೆ, ಏಕೆಂದರೆ ಅವರು ಆರೋಪಗಳನ್ನು ಎಣಿಸಲಿಲ್ಲ, ತೀರ್ಮಾನಗಳನ್ನು ಎಣಿಸಿದರು.

ಪೇಟೆಯ ಬಂಧುಗಳು ಇಷ್ಟು ಹೊತ್ತು ತಲೆಯಾಡಿಸಿದಿರಿ. ಈಗ ಸ್ವಲ್ಪ ಕಹಿಯಾದದ್ದನ್ನೂ ಕೇಳಬೇಕು. ಬಿಳಿ ಕಾಲರಿನ ತಪ್ಪನ್ನು ಹೇಗೆ ಕಲಿಯುತ್ತಾರೆಂದು ತೋರಿಸಲು ಅವರು ತಮ್ಮ ಪುಸ್ತಕದಲ್ಲಿ ಒಬ್ಬ ಹುಡುಗನ ಅನುಭವ ಕೊಟ್ಟಿದ್ದಾರೆ. ಓದುತ್ತ ಓದುತ್ತ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಹುಡುಗ. ಮೊದಲ ದಿನವೇ ಅಂಗಡಿಯ ಮ್ಯಾನೇಜರು ಕರೆದು ಹೇಳಿದ್ದರ ತಾತ್ಪರ್ಯ ಇಷ್ಟು: ಮಾಲು ಖಾಲಿಯಾಗಬೇಕು, ಅದಕ್ಕೇ ನಿನಗೆ ಸಂಬಳ. ಅಳತೆಯ ಜೋಡು ಇದ್ದರೆ ಸಂತೋಷ. ಇಲ್ಲದಿದ್ದರೆ ಕಾಲಿಗೆ ಕೂಡದಿದ್ದರೂ ಹಾಕಿ ಕಳಿಸು. ಹುಡುಗ ಕೆಟ್ಟವನಲ್ಲ. ಮೊದಲ ವಾರ ಮುಜುಗರ, ಆಮೇಲೆ ರೂಢಿ, ಆಮೇಲೆ ಜಾಣತನ. ನಮ್ಮಲ್ಲಿ ತಕ್ಕಡಿಯ ತಟ್ಟೆಯ ಅಡಿಗೆ ಹುಣಸೆಹಣ್ಣು ಅಂಟಿಸುವುದನ್ನು ಕಿರಾಣಿಯ ಹುಡುಗನಿಗೆ ಯಾರು ಕಲಿಸಿದರು? ಅವನ ರಕ್ತ ಕಲಿಸಲಿಲ್ಲ. ಹಸಿವೂ ಕಲಿಸಲಿಲ್ಲ. ಪಕ್ಕದವರೆಲ್ಲ ಮಾಡುತ್ತಾರೆ, ವ್ಯಾಪಾರವೆಂದರೆ ಇದೇ ಎಂಬ ಮಾತು ಕಲಿಸಿತು. ಎಪ್ಪತ್ತು ಕಂಪನಿಗಳ ಡೈರೆಕ್ಟರುಗಳೂ ಇದೇ ಮಾತನ್ನು ದೊಡ್ಡ ಮೇಜಿನ ಸುತ್ತ ಕೂತು ಕಲಿತರು ಎಂಬುದು ಸದರ್ಲೆಂಡರ ನಿಲುವು. ಸಾಹುಕಾರನಿಗೂ ಬಡವನಿಗೂ ಅವರು ಬೇರೆ ಬೇರೆ ಸಿದ್ಧಾಂತ ಹೇಳಲಿಲ್ಲ. ಅವರ ಸಿದ್ಧಾಂತದ ಬಲವೇ ಅದು.

ಬಲಹೀನತೆಯೂ ಇಲ್ಲದಿಲ್ಲ. ಯಾರ ಸಹವಾಸವೂ ಇಲ್ಲದೆ ಒಬ್ಬಂಟಿಯಾಗಿ ಕೂತು ಲೆಕ್ಕ ತಿದ್ದುವ ಗುಮಾಸ್ತನನ್ನು ಈ ಸೂತ್ರ ಸರಿಯಾಗಿ ವಿವರಿಸದು. ಅದನ್ನು ಅವರ ಶಿಷ್ಯರಾದ ಡೊನಾಲ್ಡ್ ಕ್ರೆಸ್ಸಿಯವರೇ 1953ರಲ್ಲಿ ಒಂದು ಪುಸ್ತಕ ಬರೆದು ತೋರಿಸಿದರು. ಅದಲ್ಲದೆ, ಸದರ್ಲೆಂಡರು ಕಂಪನಿಯನ್ನು ಒಬ್ಬ ಮನುಷ್ಯನಂತೆ ಎಣಿಸಿದರು. ಅದರ ಒಳಗೆ ಆಜ್ಞೆ ಕೊಟ್ಟವನಾರು, ಕೈ ಕಟ್ಟಿಸಿಕೊಂಡು ಮಾಡಿದವನಾರು ಎಂಬುದನ್ನು ಬಿಡಿಸಲಿಲ್ಲ. ಅವರ ಬರಹ ಸಮಾಜವಾದಿಯ ಬರಹವೂ ಅಲ್ಲ. ಪೈಪೋಟಿ ನೇರವಾಗಿ ನಡೆದರೆ ಸಾಕೆಂಬ ಧ್ವನಿ ಅದರಲ್ಲಿ ಕೇಳುತ್ತದೆ. ಅಪರಾಧಶಾಸ್ತ್ರವೊಂದನ್ನು ಬಿಟ್ಟು ಬೇರೆ ಏನನ್ನೂ ಸುಧಾರಿಸುವ ಉದ್ದೇಶ ತಮಗಿಲ್ಲ ಎಂದು ಅವರು ಹೇಳಿಕೊಂಡಿದ್ದೂ ಉಂಟು. ಅದನ್ನು ಅಕ್ಷರಶಃ ನಂಬುವುದು ಕಷ್ಟ. ಸುಮ್ಮನೆ ಶಾಸ್ತ್ರಕ್ಕಾಗಿ ಒಬ್ಬ ಮನುಷ್ಯ 980 ತೀರ್ಮಾನಗಳನ್ನು ಬೆನ್ನು ಬಾಗಿಸಿ ಹೆಕ್ಕುವುದಿಲ್ಲ.

ಅವರ ಮಾತು ನಮ್ಮ ದೇಶಕ್ಕೂ ಬಂತು. ಲಂಚ ತಡೆಯುವ ದಾರಿ ಹುಡುಕಲು 1962ರಲ್ಲಿ ನೇಮಕವಾದ ಸಂತಾನಂ ಸಮಿತಿ 1964ರ ತನ್ನ ವರದಿಯಲ್ಲಿ ಬಿಳಿ ಕಾಲರಿನ ಅಪರಾಧವನ್ನು ಪ್ರಸ್ತಾಪಿಸಿತು. ಕಾಳಸಂತೆ, ಕಲಬೆರಕೆ, ತೆರಿಗೆಗಳ್ಳತನ ಇಂಥವನ್ನು ದಂಡಸಂಹಿತೆಗೇ ಸೇರಿಸಬೇಕೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡ ಲಾ ಕಮಿಷನ್ನು 1966ರ ತನ್ನ 29ನೆಯ ವರದಿಯಲ್ಲಿ ಅದನ್ನು ಚರ್ಚಿಸಿ, ಸೇರಿಸುವುದು ಬೇಡ, ಬೇರೆ ಬೇರೆ ಕಾಯಿದೆಗಳಲ್ಲೇ ಇರಲಿ ಎಂದಿತು. ಕಮಿಷನ್ನಿನ ಕಾರಣಗಳು ವಕೀಲರಿಗೆ ಸರಿಯಾಗಿ ಕಾಣಬಹುದು. ಆದರೆ ನೂಲು ಕದ್ದವನು ಒಂದು ಪುಸ್ತಕದಲ್ಲಿ, ಎಣ್ಣೆಗೆ ಕಲಬೆರಕೆ ಮಾಡಿದವನು ಮತ್ತೊಂದು ಪುಸ್ತಕದಲ್ಲಿ ಎಂಬ ಆ ಎರಡು ಬಾಗಿಲಿನ ಏರ್ಪಾಡು ಇಲ್ಲಿಯೂ ಉಳಿಯಿತು ಎಂಬುದನ್ನು ನಾವು ಗಮನಿಸದೆ ಇರಲಾರೆವು.

ಇನ್ನು ಆ ಪುಸ್ತಕಕ್ಕೆ ಏನಾಯಿತು ಎಂಬುದೊಂದು ಉಳಿಯಿತು. ಎಣಿಕೆ ಮುಗಿದು, ಬರೆದು, ಹಸ್ತಪ್ರತಿ ಸಿದ್ಧವಾಯಿತು. ಕಂಪನಿಗಳ ಹೆಸರು ಹೆಸರಾಗಿ, ಯಾವುದಕ್ಕೆ ಎಷ್ಟು ತೀರ್ಮಾನ ಎಂಬ ಪಟ್ಟಿಯಿತ್ತು. ಪ್ರಕಾಶಕರು ಅದನ್ನು ವಕೀಲರಿಗೆ ತೋರಿಸಿದರು. ವಕೀಲರು ಹೌಹಾರಿದರು. ಕ್ರಿಮಿನಲ್ ಕೋರ್ಟಿನಲ್ಲಿ ಶಿಕ್ಷೆಯಾಗದ ಕಂಪನಿಯನ್ನು ಅಪರಾಧಿ ಎಂದರೆ ಮಾನನಷ್ಟದ ದಾವೆ ಬೀಳುತ್ತದೆ, ಹೆಸರು ತೆಗೆಯಿರಿ ಎಂದರು. ವಿಶ್ವವಿದ್ಯಾಲಯದ ಆಡಳಿತವೂ ಹೆಸರು ಬೇಡವೆಂದಿತು. ಧನಿಕರ ಮನಸ್ಸು ನೋಯಿಸಿದರೆ ದಾನ ನಿಲ್ಲುತ್ತದೆಂಬ ಅಳುಕು ವಿದ್ಯಾಸಂಸ್ಥೆಗಳಿಗೆ ಎಲ್ಲ ದೇಶದಲ್ಲೂ ಇದೆ. ಸದರ್ಲೆಂಡರು ಮೊದಲು ಹೆಸರು ಇರಲೇಬೇಕೆಂದು ಹಟ ಹಿಡಿದರು. ಕೊನೆಗೆ ಮಣಿದರು. 1949ರಲ್ಲಿ ಬಿಳಿ ಕಾಲರಿನ ಅಪರಾಧವೆಂಬ ಆ ಗ್ರಂಥ ಹೆಸರುಗಳಿಲ್ಲದೆ ಹೊರಬಂತು. ಕೆಲವು ಕಂಪನಿಗಳ ಚರಿತ್ರೆಯನ್ನು ವಿವರವಾಗಿ ಹೇಳಿದ್ದ ಅಧ್ಯಾಯಗಳೂ ಹೊರಗೆ ಉಳಿದವು.

ಅವರು ಮಣಿದದ್ದನ್ನು ಹೇಡಿತನವೆನ್ನಲು ನಮಗೆ ಮನಸ್ಸಿಲ್ಲ. ಅರವತ್ತಾರು ವರ್ಷದ ಮೇಷ್ಟರು, ಎದುರಿಗೆ ಎಪ್ಪತ್ತು ಕಂಪನಿಗಳ ವಕೀಲರ ಪಡೆ. ಆದರೆ ನಡೆದದ್ದನ್ನು ಸ್ವಲ್ಪ ಯೋಚಿಸಿ. ಎರಡು ಬಾಗಿಲುಗಳಿಂದಾಗಿ ಕಂಪನಿಗೆ ಅಪರಾಧಿ ಎಂಬ ಹೆಸರು ಬರುವುದಿಲ್ಲ ಎಂದು ತೋರಿಸಲು ಬರೆದ ಪುಸ್ತಕ ಅದು. ಆ ಎರಡನೆಯ ಬಾಗಿಲನ್ನೇ ಮುಂದೆ ಮಾಡಿ ಪುಸ್ತಕದಿಂದ ಹೆಸರನ್ನು ಅಳಿಸಿದರು. ಗಿರಣಿಯ ಬಾಗಿಲಲ್ಲಿ ಸಿಕ್ಕಿಬಿದ್ದ ಕೆಲಸಗಾರನ ಹೆಸರು, ತಂದೆಯ ಹೆಸರು, ಓಣಿಯ ಹೆಸರು ಮರುದಿನವೇ ಊರಿಗೆಲ್ಲ ಗೊತ್ತು. ಅವನ ವಿಚಾರಣೆ ಇನ್ನೂ ಶುರುವಾಗಿಯೂ ಇರುವುದಿಲ್ಲ.

ಪುಸ್ತಕ ಬಂದ ಮರುವರ್ಷ, 1950ರ ಅಕ್ಟೋಬರ್ 11ರಂದು, ಸದರ್ಲೆಂಡರು ಎಂದಿನಂತೆ ವಿಶ್ವವಿದ್ಯಾಲಯಕ್ಕೆ ನಡೆದು ಹೋಗುತ್ತಿದ್ದವರು ದಾರಿಯಲ್ಲಿಯೇ ಕುಸಿದು ತೀರಿಕೊಂಡರು. ಅರವತ್ತೇಳು ವಯಸ್ಸು. ಮೂಲ ಹಸ್ತಪ್ರತಿ ಹಾಗೆಯೇ ಉಳಿದಿತ್ತು. 1983ರಲ್ಲಿ, 34 ವರ್ಷ ಕಳೆದ ಮೇಲೆ, ಯೇಲ್ ವಿಶ್ವವಿದ್ಯಾಲಯದ ಮುದ್ರಣಾಲಯ ಅದನ್ನು ಏನನ್ನೂ ಬಿಡದೆ ಅಚ್ಚು ಹಾಕಿತು. ಪಟ್ಟಿಯಲ್ಲಿ ಹೆಸರುಗಳು ತಮ್ಮ ಜಾಗಕ್ಕೆ ಬಂದವು. ತಲೆಯಲ್ಲಿ ಇಬ್ಬರು ಮಾಂಸ ವ್ಯಾಪಾರದ ದೊರೆಗಳು, ಆರ್ಮರ್ ಕಂಪನಿ ಮತ್ತು ಸ್ವಿಫ್ಟ್ ಕಂಪನಿ; ಒಂದೊಂದಕ್ಕೆ ಐವತ್ತು ತೀರ್ಮಾನ.